ಕಪ್ಪಾಗಿದ್ದದ್ದು ಚಿತ್ರವೋ, ಕೋಣೆಯೋ? ರಾಥ್ಕೋ ಚಾಪೆಲ್‌ನ ಬೆಳಕಿಂಡಿಯ ಪ್ರಕರಣ

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕಿಟಕಿಯೇ ಇಲ್ಲದ ಒಂದು ಇಟ್ಟಿಗೆ ಕಟ್ಟಡವಿದೆ. ಹೆಸರು ರಾಥ್ಕೋ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಒಳಗೆ ಎಂಟು ಗೋಡೆ, ಬೂದು ಗಾರೆ, ಕೂರಲು ಒಂದಿಷ್ಟು ಬೆಂಚು. ಗೋಡೆಗಳ ಮೇಲೆ ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೋ ಬಿಡಿಸಿದ 14 ದೊಡ್ಡ ಚಿತ್ರಗಳು. ಅವುಗಳಲ್ಲಿ ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ. ಏಳು ಚಿತ್ರಗಳಲ್ಲಿ ಕೆಂಗಂದು ಅಂಚಿನ ನಡುವೆ ಕಪ್ಪು ಆಯತ. ಇನ್ನೇಳರಲ್ಲಿ ಮೇಲಿಂದ ಕೆಳಗಿನತನಕ ಕಡು ನೇರಳೆ. ಅಷ್ಟೇ.

1971ರ ಫೆಬ್ರವರಿಯಲ್ಲಿ ಬಾಗಿಲು ತೆರೆದಾಗಿನಿಂದ ಈ ಜಾಗದ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತಿದೆ. ಕೆಲವರು ಇಲ್ಲಿ ತುಂಬಾ ಹೊತ್ತು ಕೂತು, ಅತ್ತು, ಮನಸ್ಸು ಹಗುರ ಮಾಡಿಕೊಂಡು ಹೊರಗೆ ಬರುತ್ತಾರೆ. ಇನ್ನು ಕೆಲವರು ಸ್ವಲ್ಪ ಹೊತ್ತಿಗೇ ಎದ್ದುಬಿಡುತ್ತಾರೆ. ಬರೀ ಕಪ್ಪು, ಉಸಿರು ಕಟ್ಟುತ್ತೆ, ಸಾವಿನ ಮನೆಯ ಹಾಗಿದೆ ಅನ್ನುತ್ತಾರೆ. ಈ ಎರಡನೇ ಗುಂಪಿನ ಮಾತಿಗೆ ಒಂದು ವಿವರಣೆ ಸಿದ್ಧವಾಗೇ ಇತ್ತು. ರಾಥ್ಕೋ 1970ರ ಫೆಬ್ರವರಿ 25ರಂದು ನ್ಯೂಯಾರ್ಕ್‌ನ ತಮ್ಮ ಸ್ಟುಡಿಯೋದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಾಪೆಲ್ ತೆರೆಯಲು ಆಗ ಇನ್ನೊಂದು ವರ್ಷವಿತ್ತು. ಹಾಗಾಗಿ ಈ ಕಪ್ಪು ಅವರ ಒಳಗಿನ ಕಪ್ಪು, ಈ ಚಿತ್ರಗಳು ಅವರು ಬರೆದಿಟ್ಟುಹೋದ ಪತ್ರ ಅಂತ ಜನ ಓದಿಕೊಂಡರು.

ಕೇಳಲು ಸರಿ ಅನ್ನಿಸುತ್ತೆ, ಅಲ್ವಾ? ಆದರೆ ತಾರೀಖುಗಳು ಇದಕ್ಕೆ ಒಪ್ಪುವುದಿಲ್ಲ. ಚಾಪೆಲ್‌ನ ಚಿತ್ರಗಳು 1964ರಿಂದ 1967ರ ನಡುವೆ ಮುಗಿದವು. ರಾಥ್ಕೋ ಅವರ ಆರೋಗ್ಯ ಕೆಟ್ಟದ್ದು 1968ರಲ್ಲಿ, ಹೃದಯದಿಂದ ಹೊರಡುವ ಮಹಾಧಮನಿ ಊದಿಕೊಂಡಾಗ. ಅಂದರೆ ಈ ಚಿತ್ರಗಳನ್ನು ಬಿಡಿಸಿದ್ದು ದೊಡ್ಡ ಕೆಲಸವೊಂದರಲ್ಲಿ ಪೂರ್ತಿ ಮುಳುಗಿದ್ದ ಮನುಷ್ಯ. ಹಾಗಾದರೆ ಕೋಣೆ ಯಾಕೆ ಅಷ್ಟು ಕಪ್ಪಾಗಿ ಕಾಣುತ್ತಿತ್ತು? ಉತ್ತರದ ದೊಡ್ಡ ಭಾಗ ಚಾವಣಿಯಲ್ಲಿದೆ. ಅಲ್ಲಿದ್ದ ಬೆಳಕಿಂಡಿ ಸುಮಾರು ಐವತ್ತು ವರ್ಷ ಚಿತ್ರಗಳಿಗೂ ನೋಡುಗರಿಗೂ ನಡುವೆ ಅಡ್ಡ ನಿಂತಿತ್ತು.

ಕೋಣೆಗಾಗಿ ಹಟ

ರಾಥ್ಕೋ ಹುಟ್ಟಿದ್ದು 1903ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಡ್ವಿನ್ಸ್ಕ್ ಎಂಬ ಊರಿನಲ್ಲಿ. ಇವತ್ತು ಅದು ಲಾಟ್ವಿಯಾದಲ್ಲಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದರು. 1950ರ ಹೊತ್ತಿಗೆ ತಮ್ಮ ದಾರಿ ಕಂಡುಕೊಂಡಿದ್ದರು. ದೊಡ್ಡ ಕ್ಯಾನ್ವಾಸ್, ಒಂದರ ಮೇಲೊಂದು ತೇಲುವ ಎರಡು ಮೂರು ಬಣ್ಣದ ಪಟ್ಟೆ, ಮಸುಕಾದ ಅಂಚು.

ಈ ಚಿತ್ರಗಳು ಎಲ್ಲಿ ಬೇಕಾದರೂ ಬದುಕುವುದಿಲ್ಲ ಎಂದು ಅವರಿಗೆ ಬೇಗ ಗೊತ್ತಾಯಿತು. 1961ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಅವರ ಪ್ರದರ್ಶನ ಇತ್ತು. ಆಗ ಅವರು ಕಳಿಸಿದ ಸೂಚನೆಗಳನ್ನು ಓದಿದರೆ ಮನುಷ್ಯ ಎಷ್ಟು ನಿಖರವಾಗಿ ಯೋಚಿಸುತ್ತಿದ್ದರು ಅಂತ ತಿಳಿಯುತ್ತದೆ. ಗೋಡೆ ಅಚ್ಚ ಬಿಳಿ ಇರಬಾರದು. ಬಿಳಿಗೆ ಸ್ವಲ್ಪ ಕಂದು, ತುಸು ಕೆಂಪು ಬೆರೆಸಿ. ಬೆಳಕು ಜೋರಾಗಿರಬಾರದು. ದೊಡ್ಡ ಚಿತ್ರಗಳನ್ನು ನೆಲಕ್ಕೆ ಆದಷ್ಟು ಹತ್ತಿರ ತೂಗುಹಾಕಿ. ಬಿಳಿ ಗೋಡೆಯ ಮೇಲೆ ಯಾವ ಬಣ್ಣವೇ ಆದರೂ ಕಣ್ಣಿಗೆ ಇನ್ನಷ್ಟು ಕಡುವಾಗಿ ಕಾಣುತ್ತದೆ. ಪಕ್ಕದ ಬಣ್ಣ ನಮ್ಮ ನೋಟವನ್ನು ಬದಲಿಸುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲೇ ವಿವರವಾಗಿ ಬರೆದಿದ್ದರು. ರಾಥ್ಕೋ ಅದನ್ನು ಗೋಡೆಗೆ ಬಣ್ಣ ಹೊಡೆಯುವ ಮಟ್ಟಕ್ಕೆ ತಂದರು.

ಎರಡು ಸಲ ಕೋಣೆ ಅವರಿಗೆ ಕೈಕೊಟ್ಟಿತು. 1958ರಲ್ಲಿ ನ್ಯೂಯಾರ್ಕ್‌ನ ಸೀಗ್ರಾಮ್ ಕಟ್ಟಡದ ಫೋರ್ ಸೀಸನ್ಸ್ ರೆಸ್ಟೋರೆಂಟಿಗೆ ಚಿತ್ರಗಳನ್ನು ಮಾಡಲು ಒಪ್ಪಿಕೊಂಡರು. ಫ್ಲಾರೆನ್ಸಿನಲ್ಲಿ ಮೈಕೆಲೇಂಜೆಲೋ ಕಟ್ಟಿದ ಗ್ರಂಥಾಲಯದ ಮೆಟ್ಟಿಲ ಕೋಣೆ ಅವರ ತಲೆಯಲ್ಲಿತ್ತು. ಅಲ್ಲಿ ಕಿಟಕಿಯ ಆಕಾರಗಳಿವೆ, ಆದರೆ ಎಲ್ಲವೂ ಮುಚ್ಚಿವೆ. ಒಳಗೆ ನಿಂತವರಿಗೆ ಹೊರದಾರಿಯೇ ಇಲ್ಲ ಅನ್ನಿಸುತ್ತದೆ. ಆ ಬಿಗಿಯನ್ನು ಅವರು ಕ್ಯಾನ್ವಾಸಿಗೆ ತಂದರು. ಆಮೇಲೆ ಆ ರೆಸ್ಟೋರೆಂಟಿನಲ್ಲಿ ಒಂದು ಸಲ ಊಟಕ್ಕೆ ಕೂತು, ತಟ್ಟೆ ಲೋಟದ ಸದ್ದಿನ ನಡುವೆ ಈ ಚಿತ್ರಗಳನ್ನು ಯಾರೂ ನೋಡುವುದಿಲ್ಲ ಎಂದು ತೀರ್ಮಾನಿಸಿ ಹಣ ವಾಪಸ್ ಕೊಟ್ಟರು. ಆ ಸರಣಿಯ ಒಂಬತ್ತು ಚಿತ್ರಗಳು ಕೊನೆಗೆ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂ ಸೇರಿದವು.

ಎರಡನೆಯದು ಹಾರ್ವರ್ಡ್ ವಿಶ್ವವಿದ್ಯಾಲಯದ್ದು. 1964ರಲ್ಲಿ ಅಲ್ಲಿನ ಒಂದು ಊಟದ ಕೋಣೆಯಲ್ಲಿ ಅವರ ಐದು ಚಿತ್ರಗಳನ್ನು ಕೂರಿಸಿದರು. ಕಟ್ಟಡದ ಮೇಲಂತಸ್ತು, ದೊಡ್ಡ ಕಿಟಕಿಗಳು, ಧಾರಾಳ ಬಿಸಿಲು. ರಾಥ್ಕೋ ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ವರ್ಣದ್ರವ್ಯ ಬೆಳಕಿಗೆ ತಾಳಲಿಲ್ಲ. ಕಡುಗೆಂಪು ಚಿತ್ರಗಳು ತೇಪೆ ತೇಪೆಯಾಗಿ ನೀಲಿಗಟ್ಟಿದವು. 1979ರಲ್ಲಿ ಕೆಳಗಿಳಿಸಿ ಉಗ್ರಾಣಕ್ಕೆ ಸೇರಿಸಬೇಕಾಯಿತು.

ಈ ಹಾನಿ ಕಾಣಿಸಿಕೊಳ್ಳುವ ಮೊದಲೇ, 1964ರಲ್ಲಿ, ಹ್ಯೂಸ್ಟನ್ನಿನ ಕಲಾಸಂಗ್ರಾಹಕರಾದ ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ದಂಪತಿ ಒಂದು ಪೂರ್ತಿ ಪ್ರಾರ್ಥನಾ ಮಂದಿರವನ್ನೇ ಕೊಡುತ್ತೇವೆ ಬನ್ನಿ ಅಂದಾಗ ರಾಥ್ಕೋ ಅವರಿಗೆ ಅದೆಷ್ಟು ದೊಡ್ಡ ಮಾತಾಗಿತ್ತು ಎಂದು ಊಹಿಸಬಹುದು. ಚಿತ್ರ ಮೊದಲು, ಕಟ್ಟಡ ಆಮೇಲೆ. ಎಂಟು ಗೋಡೆಯ ವಿನ್ಯಾಸಕ್ಕೆ ಪಟ್ಟು ಹಿಡಿದದ್ದೂ ಅವರೇ. ನಾಲ್ಕು ಗೋಡೆಯ ಕೋಣೆಯಲ್ಲಿ ಎದುರಿನ ಚಿತ್ರ ನೋಡಿದರೆ ಉಳಿದವು ಮರೆಯಾಗುತ್ತವೆ. ಎಂಟು ಗೋಡೆ ಇದ್ದರೆ ಎಲ್ಲಿಗೆ ತಿರುಗಿದರೂ ಕಣ್ಣಂಚಿನಲ್ಲಿ ಇನ್ನೊಂದು ಚಿತ್ರ ಇದ್ದೇ ಇರುತ್ತದೆ. ಸುತ್ತಲೂ ಬಣ್ಣ, ನಡುವೆ ನೀವು. ಚಿತ್ರದ ಹೊರಗೆ ನಿಂತು ನೋಡುವ ಅವಕಾಶವನ್ನೇ ಅವರು ಇಟ್ಟಿರಲಿಲ್ಲ.

ಪ್ಯಾರಾಚೂಟಿನ ಕೆಳಗೆ

ಈ ಪ್ರಕರಣದ ಬೀಜ ಇರುವುದು ನ್ಯೂಯಾರ್ಕ್‌ನ ಪೂರ್ವ 69ನೇ ಬೀದಿಯ ಸ್ಟುಡಿಯೋದಲ್ಲಿ. ಹಿಂದೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಎತ್ತರದ ಕಟ್ಟಡ ಅದು. ಚಾವಣಿಯಲ್ಲಿ ಗಾಜಿನ ದೊಡ್ಡ ಬೆಳಕಿಂಡಿ. ರಾಥ್ಕೋ ಅದರ ಕೆಳಗೆ ಚಾಪೆಲ್‌ನ ಕೆಲವು ಗೋಡೆಗಳನ್ನು ನಿಜವಾದ ಅಳತೆಯಲ್ಲೇ ಕಟ್ಟಿಸಿದರು. ಸುಮಾರು 15 ಅಡಿ ಎತ್ತರದ ಕ್ಯಾನ್ವಾಸುಗಳನ್ನು ಹಗ್ಗ, ರಾಟೆ ಹಾಕಿ ಮೇಲೆ ಕೆಳಗೆ ಎಳೆಸಿ ನೋಡುತ್ತಿದ್ದರು. ಸಹಾಯಕರು ಬಣ್ಣ ಬಳಿಯುತ್ತಿದ್ದರು, ರಾಥ್ಕೋ ಕೂತು ನೋಡುತ್ತಿದ್ದರು. ಕಪ್ಪು ಆಯತದ ಅಂಚು ಒಂದಿಷ್ಟು ಆಚೆ ಹೋಗಬೇಕೋ ಈಚೆ ಬರಬೇಕೋ ಅಂತ ತಿಂಗಳುಗಟ್ಟಲೆ ಯೋಚಿಸಿದ್ದಾರೆ.

ಬೆಳಕಿಂಡಿಯ ಬಿಸಿಲು ಜಾಸ್ತಿಯಾದಾಗ ಅದರ ಕೆಳಗೆ ಒಂದು ಪ್ಯಾರಾಚೂಟ್ ಬಟ್ಟೆ ಕಟ್ಟಿದರು. ಬೆಳಕು ಬಟ್ಟೆಯಲ್ಲಿ ಸೋಸಿ, ಎಲ್ಲ ಕಡೆಗೂ ಒಂದೇ ಹದದಲ್ಲಿ ಹರಡುತ್ತಿತ್ತು. ಈ 14 ಚಿತ್ರಗಳ ಪ್ರತಿಯೊಂದು ನಿರ್ಧಾರವೂ ಆ ಬೆಳಕಿನಲ್ಲೇ ಆದದ್ದು. ಯಾವ ಕಪ್ಪು ಎಷ್ಟು ಕಪ್ಪು, ಯಾವ ಕೆಂಗಂದು ಅದರಿಂದ ಎಷ್ಟು ಬೇರೆ, ಎಲ್ಲವನ್ನೂ ಆ ಬಟ್ಟೆಯ ಕೆಳಗೆ ಕೂತೇ ಅಳೆದರು.

ಸಾಮಗ್ರಿಯನ್ನೂ ಆ ಬೆಳಕಿಗೆ ಹೊಂದಿಸಿದ್ದರು. ನೇರಳೆ ಚಿತ್ರಗಳ ಮೈ ಮಂಕು, ಹೊಳಪಿಲ್ಲ. ಕಪ್ಪು ಆಯತಗಳಿಗೆ ಮೊಟ್ಟೆ, ಎಣ್ಣೆ, ಡಾಮರ್ ಎಂಬ ಮರದ ರಾಳ ಬೆರೆಸಿದ ಬಣ್ಣ. ಅದರ ಮೈಗೆ ತುಸು ಬೇರೆ ಹೊಳಪು. ಹತ್ತಿರ ಹೋಗಿ ಓರೆಯಿಂದ ನೋಡಿದರೆ ಕಪ್ಪು ಒಂದು ರೀತಿ ಬೆಳಕನ್ನು ಹಿಡಿಯುತ್ತದೆ, ಅದರ ಅಂಚು ಇನ್ನೊಂದು ರೀತಿ. ಬಣ್ಣದ ವ್ಯತ್ಯಾಸ ಕಮ್ಮಿಯಾದಷ್ಟೂ ಮೈಯ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ. ಇಷ್ಟು ಸಣ್ಣ ಅಂತರದ ಮೇಲೆ ನಿಂತ ಚಿತ್ರಕ್ಕೆ ಬೆಳಕು ಕೆಟ್ಟರೆ ಉಳಿಯುವುದು ಏನು?

ಆರ್ಕಿಟೆಕ್ಟ್ ಫಿಲಿಪ್ ಜಾನ್ಸನ್ ಜೊತೆ ಜಗಳ ಆದದ್ದೂ ಇದಕ್ಕೇ. ಫೋರ್ ಸೀಸನ್ಸ್ ರೆಸ್ಟೋರೆಂಟಿನ ವಿನ್ಯಾಸವೂ ಅವರದ್ದೇ. ಚಾಪೆಲ್ ಮೇಲೆ ಎತ್ತರದ, ತುದಿ ಕತ್ತರಿಸಿದ ಪಿರಮಿಡ್ಡಿನಂಥ ಚಾವಣಿ ಬರಬೇಕು ಎಂದು ಅವರ ಆಸೆ. ಟೆಕ್ಸಾಸ್ ಬಿಸಿಲು ಅಷ್ಟು ಎತ್ತರದಿಂದ ಇಳಿದು ಬಂದರೆ ಮೆತ್ತಗಾಗುತ್ತದೆ ಎಂಬುದು ಅವರ ವಾದ. ರಾಥ್ಕೋ ಒಪ್ಪಲಿಲ್ಲ. ಕಟ್ಟಡ ಅಷ್ಟು ದೊಡ್ಡದಾಗಿ ಮೆರೆದರೆ ಚಿತ್ರ ಸಣ್ಣದಾಗುತ್ತದೆ, ನನಗೆ ನನ್ನ ಸ್ಟುಡಿಯೋದಂಥ ಸರಳ ಬೆಳಕಿಂಡಿ ಸಾಕು ಅಂದರು. 1967ರಲ್ಲಿ ಜಾನ್ಸನ್ ಹಿಂದೆ ಸರಿದರು. ಹ್ಯೂಸ್ಟನ್ನಿನ ಹೊವರ್ಡ್ ಬಾರ್ನ್‌ಸ್ಟೋನ್ ಮತ್ತು ಯೂಜೀನ್ ಆಬ್ರಿ ಕೆಲಸ ಮುಗಿಸಿದರು.

ಇಲ್ಲಿ ಯಾರ ಪರ ನಿಲ್ಲಬೇಕು? ಕೋಣೆಯ ಅಳತೆಯ ವಿಷಯದಲ್ಲಿ ರಾಥ್ಕೋ ಸರಿ ಎಂದೇ ನನಗೆ ಅನ್ನಿಸುತ್ತದೆ. ಬಿಸಿಲಿನ ವಿಷಯದಲ್ಲಿ ಜಾನ್ಸನ್ ಸರಿ. ಇಬ್ಬರೂ ಒಂದೇ ಮೇಜಿಗೆ ಕೂತು ಇನ್ನೊಂದು ವರ್ಷ ಕೆಲಸ ಮಾಡಿದ್ದರೆ ಮುಂದಿನ ಐವತ್ತು ವರ್ಷದ ಕಥೆ ಬೇರೆಯೇ ಇರುತ್ತಿತ್ತು.

ಅದೇ ಬೆಳಕಿಂಡಿ, ಬೇರೆ ಸೂರ್ಯ

ನ್ಯೂಯಾರ್ಕ್ ಇರುವುದು ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹ್ಯೂಸ್ಟನ್ ಸುಮಾರು 30 ಡಿಗ್ರಿಯಲ್ಲಿ. ಜೂನ್ ತಿಂಗಳ ನಡುಮಧ್ಯಾಹ್ನ ನ್ಯೂಯಾರ್ಕ್‌ನಲ್ಲಿ ಸೂರ್ಯ 73 ಡಿಗ್ರಿಯಷ್ಟು ಮೇಲೇರುತ್ತಾನೆ. ಹ್ಯೂಸ್ಟನ್ನಿನಲ್ಲಿ 84 ಡಿಗ್ರಿ, ಹೆಚ್ಚು ಕಮ್ಮಿ ನೆತ್ತಿಯ ಮೇಲೆ. ಚಾವಣಿಯ ನಡುವೆ ಗಾಜು ಹಾಕಿದರೆ ಬಿಸಿಲು ನೇರ ನೆಲಕ್ಕೇ ಬೀಳುತ್ತದೆ. ಸ್ಟುಡಿಯೋದ ಸುತ್ತ ಎತ್ತರದ ಕಟ್ಟಡಗಳಿದ್ದವು. ಚಾಪೆಲ್ ಸುತ್ತ ಇದ್ದದ್ದು ಹುಲ್ಲುಹಾಸು, ತೆರೆದ ಆಕಾಶ. ರಾಥ್ಕೋ ಬಯಸಿದ ಬೆಳಕಿಂಡಿ ಸಿಕ್ಕಿತು, ಬಯಸಿದ ಬೆಳಕು ಸಿಗಲಿಲ್ಲ. ಮುಗಿದ ಕೋಣೆಯನ್ನು ಅವರು ನೋಡಲೇ ಇಲ್ಲ. ನೋಡಿದ್ದರೆ ಮೊದಲ ದಿನವೇ ಮೇಲೆ ಬಟ್ಟೆ ಕಟ್ಟಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬೆಳಕು ಜಾಸ್ತಿಯಾದರೆ ಚಿತ್ರ ಇನ್ನೂ ಚೆನ್ನಾಗಿ ಕಾಣಬೇಕಲ್ಲ ಅಂತ ಕೇಳಬಹುದು. ಕಣ್ಣು ಕೆಲಸ ಮಾಡುವ ರೀತಿ ಹಾಗಿಲ್ಲ. ಎದುರಿಗಿರುವ ಎಲ್ಲವನ್ನೂ ಕಣ್ಣು ಬಿಡಿಬಿಡಿಯಾಗಿ ಅಳೆಯುವುದಿಲ್ಲ. ನೋಟದೊಳಗೆ ಬಿದ್ದ ಒಟ್ಟು ಬೆಳಕಿಗೆ ಹೊಂದಿಕೊಳ್ಳುತ್ತದೆ. ಒಂದು ಕಡೆ ಉರಿಯುವ ಗಾಜು ಇದ್ದರೆ ಪಾಪೆ ಕಿರಿದಾಗುತ್ತದೆ. ಆ ಬೆಳಕಿನ ಒಂದು ಪಾಲು ಕಣ್ಣಿನೊಳಗೇ ಚದುರಿ, ಇಡೀ ನೋಟದ ಮೇಲೆ ತೆಳು ಪರದೆ ಎಳೆಯುತ್ತದೆ. ರಾತ್ರಿ ಎದುರಿಂದ ಬರುವ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದಾಗ ರಸ್ತೆಬದಿಯಲ್ಲಿ ನಡೆಯುತ್ತಿದ್ದ ಮನುಷ್ಯ ಮಾಯವಾಗುತ್ತಾನಲ್ಲ, ಇದೂ ಅದೇ. ಆಗ ಮೊದಲು ಕಳೆದುಹೋಗುವುದು ಕಪ್ಪಿಗೂ ಕಡು ಕೆಂಗಂದಿಗೂ ನಡುವಿನ ಅಂತರ. ಕಡು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಕ್ಕೆ ಕಳಿಸುವುದೇ ತೀರಾ ಕಮ್ಮಿ. ಆ ಸಣ್ಣ ಲೆಕ್ಕ ಪರದೆಯ ಹಿಂದೆ ಮುಳುಗಿಹೋಗುತ್ತದೆ. ನೋಡುಗರಿಗೆ ಉಳಿಯುವುದು ಏನೂ ಇಲ್ಲದ ಕಪ್ಪು ಹಲಗೆ.

ಹೊರಗಿನಿಂದ ಬರುವವರ ಕಣ್ಣಿನ ಕಥೆ ಇನ್ನೊಂದು. ಬೆಳಕನ್ನು ಅಳೆಯುವ ಮಾನ ಲಕ್ಸ್. ಬಿಸಿಲಿನಲ್ಲಿ ಬೆಳಕಿನ ಮಟ್ಟ 1,00,000 ಲಕ್ಸ್ ಮುಟ್ಟಬಹುದು. ಮ್ಯೂಸಿಯಮ್ಮುಗಳು ಎಣ್ಣೆಬಣ್ಣದ ಚಿತ್ರಗಳಿಗೆ ಸಾಮಾನ್ಯವಾಗಿ 200 ಲಕ್ಸ್ ಸಾಕು ಅನ್ನುತ್ತವೆ. ಇಷ್ಟು ದೊಡ್ಡ ಇಳಿತಕ್ಕೆ ಕಣ್ಣು ಒಂದೇ ಕ್ಷಣದಲ್ಲಿ ತಯಾರಾಗುವುದಿಲ್ಲ. ಬಣ್ಣ ಗುರುತಿಸುವ ಕೋಶಗಳು ಪೂರ್ತಿ ಹೊಂದಿಕೊಳ್ಳಲು ಹತ್ತು ನಿಮಿಷದ ಹತ್ತಿರ ಬೇಕು, ಮಂದ ಬೆಳಕಿನ ಕೋಶಗಳಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ. ಬಂದವರು ಐದು ನಿಮಿಷದಲ್ಲಿ ಎದ್ದು ಹೋದರೆ ಅವರು ಚಿತ್ರ ನೋಡಿಯೇ ಇಲ್ಲ. ಅವರ ಕಣ್ಣು ಇನ್ನೂ ಹೊರಗಿನ ಬಿಸಿಲಿನಲ್ಲೇ ಇತ್ತು.

ಮೈಮನಸ್ಸಿನ ಮೇಲೆ ಇದರ ಪರಿಣಾಮ ಬೇರೆ. ಕೋರೈಸುವ ಬೆಳಕಿನಲ್ಲಿ ಹುಬ್ಬು ಗಂಟಿಕ್ಕುತ್ತದೆ, ಕಣ್ಣು ದಣಿಯುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಆದರೆ ತೊಂದರೆ ಎಲ್ಲಿಂದ ಬಂತು ಎಂದು ನಮಗೆ ಹೊಳೆಯುವುದಿಲ್ಲ. ನಾವು ನೋಡುತ್ತಿರುವುದು ಚಿತ್ರವನ್ನು, ಹಾಗಾಗಿ ಆ ಕಿರಿಕಿರಿಯನ್ನು ಚಿತ್ರದ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಅದರ ಜೊತೆಗೆ ಕಲಾವಿದನ ಆತ್ಮಹತ್ಯೆಯ ಕಥೆ ಸೇರಿದರೆ ಕೇಳಬೇಕೇ?

ಬಟ್ಟೆ, ತಟ್ಟೆ, ಮತ್ತೆ ತಟ್ಟೆ

ತೊಂದರೆ ಗೊತ್ತಿರಲಿಲ್ಲ ಅಂತಲ್ಲ. 1970ರ ದಶಕದ ನಡುಭಾಗದಲ್ಲೇ ಬೆಳಕಿಂಡಿಯ ಕೆಳಗೆ ತೆಳು ಬಟ್ಟೆ ಕಟ್ಟಿ ನೋಡಿದರು. ಸಾಲಲಿಲ್ಲ. ಆಮೇಲೆ ಬ್ಯಾಫಲ್ ಎಂಬ ದೊಡ್ಡ ಅಡ್ಡತಟ್ಟೆ ಬಂತು. ಬೆಳಕು ನೇರ ಕೆಳಗೆ ಬೀಳದೆ ತಟ್ಟೆಯ ಬದಿಯಿಂದ ಗೋಡೆಯ ಕಡೆಗೆ ಸರಿಯಲಿ ಎಂಬುದು ಇದರ ಉದ್ದೇಶ.

ಬಿಸಿಲೇನೋ ತಡೆಯಿತು. ಆದರೆ ತಲೆಯ ಮೇಲೆ ಭಾರವಾದ ಕಪ್ಪು ವಸ್ತುವೊಂದು ಸದಾ ತೂಗುತ್ತಿತ್ತು. ಗೋಡೆಯ ಮೇಲ್ಭಾಗಕ್ಕೆ ಜಾಸ್ತಿ ಬೆಳಕು, ಕೆಳಭಾಗಕ್ಕೆ ಕಮ್ಮಿ. ಕೋಣೆಯ ನಡುಭಾಗ ಮಬ್ಬು. ಮೇಲೆ ನೋಡಿದರೆ ಆಕಾಶವೂ ಇಲ್ಲ, ಚಾವಣಿಯೂ ಇಲ್ಲ. ಉಸಿರು ಕಟ್ಟಿತು ಅಂದವರಿಗೆ ಆ ಕೋಣೆ ಒಳ್ಳೆಯ ಕಾರಣವನ್ನೇ ಕೊಟ್ಟಿತ್ತು. 1999ರಲ್ಲಿ ಚಾಪೆಲ್ ಮುಚ್ಚಿ ದುರಸ್ತಿ ಮಾಡಿದಾಗಲೂ ಬಂದದ್ದು ಹೊಸ ಬ್ಯಾಫಲ್ಲೇ.

ಚಿತ್ರಗಳ ಆರೈಕೆ ಮಾತ್ರ ಬೇರೆ ದಾರಿಯಲ್ಲಿ ನಡೆಯುತ್ತಿತ್ತು. ಕಪ್ಪು ಆಯತಗಳ ಮೇಲೆ ಬಿಳಿಚು ಕಲೆ ಕಾಣಿಸಿಕೊಂಡಿತ್ತು. ಸಂರಕ್ಷಣಾ ತಜ್ಞೆ ಕ್ಯಾರಲ್ ಮನ್ಕೂಸಿ ಉಂಗಾರೋ ವರ್ಷಗಟ್ಟಲೆ ಈ ಚಿತ್ರಗಳ ಹಿಂದೆ ಬಿದ್ದರು. ರಾಥ್ಕೋ ಅವರ ಸಹಾಯಕರಿಂದ ಬಣ್ಣ ಬೆರೆಸಿದ ಕ್ರಮ ತಿಳಿದುಕೊಂಡರು. ಬಣ್ಣದೊಳಗೆ ಮೊಟ್ಟೆ ಇದೆ, ಅಳತೆ ಒಂದೊಂದು ಚಿತ್ರಕ್ಕೆ ಒಂದೊಂದು ಥರ ಎಂದು ನಮಗೆ ಗೊತ್ತಾಗಿರುವುದು ಅವರ ಕೆಲಸದಿಂದ. ಚಿತ್ರದ ಮೈಯನ್ನು ಇಷ್ಟು ಕಾಳಜಿಯಿಂದ ಕಾದರು, ಬೆಳಕಿನ ದೋಷ ಮಾತ್ರ ದಶಕಗಟ್ಟಲೆ ಉಳಿದುಕೊಂಡಿತು. ನನ್ನನ್ನು ಈ ಪ್ರಕರಣದಲ್ಲಿ ಹೆಚ್ಚು ಕಾಡುವುದು ಇದೇ. ಬೆಳಕೂ ಆ ಚಿತ್ರದ ಸಾಮಗ್ರಿಯೇ ಆಗಿತ್ತು.

2020ರ ಚಿಕಿತ್ಸೆ

2019ರಲ್ಲಿ ಚಾಪೆಲ್ ಮತ್ತೆ ಮುಚ್ಚಿತು. ಈ ಸಲ ಕೆಲಸ ವಹಿಸಿಕೊಂಡದ್ದು ನ್ಯೂಯಾರ್ಕ್‌ನ ಆರ್ಕಿಟೆಕ್ಚರ್ ರಿಸರ್ಚ್ ಆಫೀಸ್ ಎಂಬ ಆರ್ಕಿಟೆಕ್ಟ್ ಸಂಸ್ಥೆ. ಬೆಳಕಿನ ವಿನ್ಯಾಸ ಜಾರ್ಜ್ ಸೆಕ್ಸ್‌ಟನ್ ಅಸೋಸಿಯೇಟ್ಸ್‌ನದ್ದು. ಅಕ್ಕಪಕ್ಕದ ಹೊಸ ಕಟ್ಟಡಗಳೂ ಸೇರಿ ಒಟ್ಟು ಯೋಜನೆಗೆ ಸುಮಾರು 3 ಕೋಟಿ ಡಾಲರ್.

ಮುಖ್ಯ ಕೆಲಸ ಒಂದೇ. ಬ್ಯಾಫಲ್ ಕಿತ್ತು, ಹೊಸ ಬೆಳಕಿಂಡಿ ಕೂರಿಸಿದರು. ಅತಿನೇರಳೆ ಕಿರಣ ಸೋಸುವ ಪದರಗಾಜು ಹಾಕಿದರು. ಅದರ ಕೆಳಗೆ ಕೋನ ಲೆಕ್ಕಹಾಕಿ ಜೋಡಿಸಿದ ಲೂವರ್ ಪಟ್ಟಿಗಳು. ಬೆಳಕು ಪಟ್ಟಿಗೆ ತಾಗಿ, ತಿರುಗಿ, ಗೋಡೆಗಳ ಮೇಲೆ ಹರಡುತ್ತದೆ. ಸಂಜೆ ಹೊತ್ತಿಗೆ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟ ವಿದ್ಯುತ್ ದೀಪಗಳಿವೆ.

ಇನ್ನೊಂದು ಕೆಲಸ ಸಣ್ಣದು, ಆದರೆ ನನಗೆ ತುಂಬಾ ಇಷ್ಟವಾದದ್ದು. ಬಾಗಿಲು ದಾಟಿದ ತಕ್ಷಣ ಸಿಗುವ ಮೊಗಸಾಲೆ ಮೊದಲು ಪುಸ್ತಕ, ಕರಪತ್ರ, ಮೇಜುಗಳಿಂದ ತುಂಬಿತ್ತು. ಅದನ್ನೆಲ್ಲ ಬೇರೆ ಕಟ್ಟಡಕ್ಕೆ ಸಾಗಿಸಿದರು. ಈಗ ಮೊಗಸಾಲೆ ಖಾಲಿ. ಅಲ್ಲಿ ಓದಲು ಏನೂ ಇಲ್ಲ, ಹೊರಗಿನ ಬಿಸಿಲು ಕಣ್ಣಿನಿಂದ ಇಳಿಯಲು ಒಂದಿಷ್ಟು ಹೊತ್ತು ಸಿಗುತ್ತದೆ. ಕಣ್ಣಿಗೆ ಬೇಕಾದ ಸಮಯವನ್ನು ಕಟ್ಟಡವೇ ಕೊಡುತ್ತದೆ.

2020ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದಾಗ ಚಿತ್ರಗಳಿಗೆ ಹೊಸ ಬಣ್ಣ ಬಳಿದಿರಲಿಲ್ಲ. ಅವು ಅವೇ. ಆದರೆ ಬಂದವರು ಈಗ ಬಣ್ಣದ ಬಗ್ಗೆ ಮಾತಾಡತೊಡಗಿದರು. ಕಪ್ಪು ಅಂದುಕೊಂಡಿದ್ದರಲ್ಲಿ ನೇರಳೆ ಕಂಡಿತು, ನೇರಳೆಯೊಳಗೆ ಕೆಂಪು ಕಂಡಿತು, ಕುಂಚ ಓಡಾಡಿದ ಗುರುತು ಕಂಡಿತು.

ಈಗ ಮೋಡವಿರುವ ದಿನ ಅಲ್ಲಿ ಕೂತವರ ಕಣ್ಣಿಗೆ ಏನಾಗುತ್ತದೆ ನೋಡಿ. ಉತ್ತರದ ಗೋಡೆಯಲ್ಲಿ ಮೂರು ನೇರಳೆ ಫಲಕಗಳು ಅಕ್ಕಪಕ್ಕ ಇವೆ. ಒಂದೇ ಕಡೆ ನೋಡುತ್ತಾ ಕೂತರೆ ಕೆಲವು ಸೆಕೆಂಡಿನಲ್ಲಿ ಅಂಚುಗಳು ಕರಗಲು ಶುರುವಾಗುತ್ತವೆ. ಬದಲಾಗದ ದೃಶ್ಯವನ್ನು ಕಣ್ಣಂಚು ಮೆಲ್ಲಗೆ ಬಿಟ್ಟುಕೊಡುತ್ತದೆ. ಇದನ್ನು ಟ್ರಾಕ್ಸ್‌ಲರ್ ಎಂಬ ವೈದ್ಯರು 1804ರಲ್ಲಿ ಬರೆದಿಟ್ಟಿದ್ದಾರೆ. ಕಣ್ಣು ಒಂಚೂರು ಅಲುಗಿದರೆ ಸಾಕು, ಅಂಚು ವಾಪಸ್. ಫಲಕ ಹತ್ತಿರ ಬಂದು ದೂರ ಹೋದ ಹಾಗೆ ಅನ್ನಿಸುತ್ತದೆ. ಅಷ್ಟರಲ್ಲಿ ಮೇಲೆ ಮೋಡ ಅಡ್ಡ ಬರುತ್ತದೆ. ಬೆಳಕು ಇಳಿದಾಗ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು, ನೀಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಪುರ್ಕಿನ್ಯೆ ಎಂಬ ವಿಜ್ಞಾನಿ 1820ರ ದಶಕದಲ್ಲಿ ಗಮನಿಸಿದ ಸಂಗತಿ ಇದು. ಹಾಗಾಗಿ ಪೂರ್ವ, ಪಶ್ಚಿಮದ ಗೋಡೆಗಳ ಚಿತ್ರಗಳ ಕೆಂಗಂದು ಅಂಚು ಕಪ್ಪಿನೊಳಕ್ಕೆ ಇಳಿದುಬಿಡುತ್ತದೆ, ನೇರಳೆ ಫಲಕಗಳು ತಣ್ಣಗಾಗುತ್ತವೆ. ಮೋಡ ಸರಿದಾಗ ಅಂಚು ಮೆಲ್ಲಗೆ ಮೇಲೆ ಬರುತ್ತದೆ. ಚಿತ್ರ ಉಸಿರಾಡಿತು ಅಂತ ಜನ ಹೇಳುವುದು ಸುಮ್ನೆ ಅಲ್ಲ. ಸೂರ್ಯ, ಗಾಜು, ಬಣ್ಣ, ಕಣ್ಣು ನಾಲ್ಕೂ ಸೇರಿ ಮಾಡುವ ಕೆಲಸ ಅದು.

ಮನಸ್ಸಿಗೆ ನೆಮ್ಮದಿ ಕೊಡುತ್ತದೆಯೇ?

ಅಮೂರ್ತ ಚಿತ್ರ ಗೋಡೆಗೆ ಹಾಕಿದರೆ ಮನಸ್ಸಿಗೆ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಎದುರಾಗಿ ನಿಲ್ಲುವ ಒಳ್ಳೆಯ ಕೆಲಸವೇ ಇದೆ. ಸಂಶೋಧಕ ರೋಜರ್ ಉಲ್ರಿಕ್ 1984ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಆಮೇಲೆ ಅವರು ಮತ್ತು ಜೊತೆಗಾರರು ಸ್ವೀಡನ್ನಿನ ಉಪ್ಸಾಲಾದಲ್ಲಿ ಹೃದಯದ ಆಪರೇಷನ್ ಆದವರ ಹಾಸಿಗೆಯ ಎದುರು ಬೇರೆ ಬೇರೆ ಚಿತ್ರ ಇಟ್ಟು ನೋಡಿದರು. ನೀರು, ಮರದ ನೋಟ ಕಂಡವರ ಕಳವಳ ಕಮ್ಮಿಯಾಯಿತು. ನೇರ ಗೆರೆ, ಚೌಕಾಕಾರದ ಅಮೂರ್ತ ಚಿತ್ರ ಕಂಡವರ ಕಳವಳ, ಚಿತ್ರವೇ ಇಲ್ಲದವರಿಗಿಂತ ಜಾಸ್ತಿಯಾಯಿತು.

ಚಾಪೆಲ್‌ನಲ್ಲಿ ಅತ್ತು ಹಗುರಾದವರ ಅನುಭವಕ್ಕೂ ಇದಕ್ಕೂ ಜಗಳವೇನಿಲ್ಲ. ಹಾಸಿಗೆಯಲ್ಲಿ ಮಲಗಿದವರು ಎದ್ದು ಹೋಗಲಾರರು. ನೋವು ಇದೆ, ಭಯ ಇದೆ, ಎದುರಿಗೆ ಅರ್ಥವಾಗದ ಆಕಾರ. ಏನೂ ಹೇಳದ ಚಿತ್ರಕ್ಕೆ ನಮ್ಮ ಮನಸ್ಸು ತನ್ನಲ್ಲಿರುವುದನ್ನೇ ತುಂಬುತ್ತದೆ. ಭಯ ಇದ್ದರೆ ಭಯ. ಚಾಪೆಲ್‌ಗೆ ಬರುವವರು ತಾವಾಗಿ ಬರುತ್ತಾರೆ, ಬೇಕಾದಷ್ಟು ಹೊತ್ತು ಇರುತ್ತಾರೆ, ಸಾಕಾದಾಗ ಹೋಗುತ್ತಾರೆ. ಅಲ್ಲಿಯೂ ಚಿತ್ರ ಅವರ ಮನಸ್ಸನ್ನೇ ಹೊರತೆಗೆಯುತ್ತದೆ. ಆದರೆ ಅದನ್ನು ಎದುರಿಸಲು ಕೋಣೆ ಜೊತೆ ಕೊಡುತ್ತದೆ. ಮೌನ, ಬೆಂಚು, ಸಮ ಬೆಳಕು, ಅವಸರವಿಲ್ಲದ ಹೊತ್ತು. ದುಃಖದಲ್ಲಿರುವವರಿಗೆ ಖುಷಿಯ ಚಿತ್ರ ತೋರಿಸಿದರೆ ಕೆಲವೊಮ್ಮೆ ಇನ್ನಷ್ಟು ಒಂಟಿ ಅನ್ನಿಸುತ್ತದೆ. ಈ ಕೋಣೆ ನಗು ಅಂತ ಒತ್ತಾಯ ಮಾಡುವುದಿಲ್ಲ.

ಎಲ್ಲರಿಗೂ ಇದು ಒಗ್ಗುತ್ತದೆ ಅಂತಲೂ ಅಲ್ಲ. ಮುಚ್ಚಿದ ಜಾಗದ ಭಯ ಇರುವವರಿಗೆ, ತೀರಾ ಕುಸಿದ ಮನಸ್ಥಿತಿಯಲ್ಲಿರುವವರಿಗೆ ಕಿಟಕಿಯಿಲ್ಲದ ಕೋಣೆ, ಕಡು ಬಣ್ಣ ಬೇಡವಾಗಬಹುದು. ಬೆಳಕು ಸರಿಹೋದ ಮೇಲೂ ಈ ಚಿತ್ರಗಳು ಗಂಭೀರವೇ. ರಾಥ್ಕೋ ಅವರಿಗೆ ಬೇಕಿದ್ದದ್ದೂ ಅದೇ. ಸರಿಯಾದ ಬೆಳಕಿನಿಂದ ಆದ ಲಾಭ ಏನೆಂದರೆ, ಈಗ ಬೇಡ ಅನ್ನುವವರು ಚಿತ್ರ ನೋಡಿ ಬೇಡ ಅನ್ನುತ್ತಾರೆ.

ಕಾಯುವ ಕೋಣೆ, ಕಚೇರಿ, ಮನೆಯ ಹಾಲ್ ಎಲ್ಲಕ್ಕೂ ಈ ಪ್ರಕರಣದಿಂದ ಎತ್ತಿಕೊಳ್ಳುವಂಥದ್ದು ಇದೆ. ಕಡು ಬಣ್ಣದ ದೊಡ್ಡ ಚಿತ್ರವನ್ನು ಕಿಟಕಿಯ ಪಕ್ಕದ ಗೋಡೆಗೆ ಹಾಕಬೇಡಿ. ಗಾಜಿನ ಬೆಳಕು ಮತ್ತು ಚಿತ್ರ ಒಂದೇ ನೋಟದಲ್ಲಿ ಬಿದ್ದರೆ ಗೆಲ್ಲುವುದು ಗಾಜೇ. ಕೂರುವ ಜಾಗ ಮೊದಲು ಗೊತ್ತುಮಾಡಿ, ಅಲ್ಲಿ ಕೂತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಡೆಯನ್ನು ನೋಡಿ, ಆಮೇಲೆ ಮೊಳೆ ಹೊಡೆಯಿರಿ. ನಿಂತ ಎತ್ತರಕ್ಕೆ ಹಾಕಿದ ಚಿತ್ರ ಕೂತವರಿಗೆ ತುಂಬಾ ಮೇಲಾಗುತ್ತದೆ. ಅಚ್ಚ ಬಿಳಿ ಗೋಡೆ ಎಲ್ಲಕ್ಕೂ ಹೊಂದುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಬೇರೆಯವರು ಬಿಟ್ಟುಹೋಗಲಾಗದ ಜಾಗದಲ್ಲಿ, ಉದಾಹರಣೆಗೆ ರೋಗಿಯ ಹಾಸಿಗೆಯ ಎದುರು, ನಿಮಗೆ ಇಷ್ಟವಾದ ಅಮೂರ್ತ ಚಿತ್ರವನ್ನು ಹೇರಬೇಡಿ. ಅವರನ್ನೇ ಕೇಳಿ.

ಈಗಿನ ಸ್ಥಿತಿ

2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಹ್ಯೂಸ್ಟನ್ನಿಗೆ ಬಡಿಯಿತು. ಚಾಪೆಲ್‌ನ ಚಾವಣಿ ಸೋರಿ, ಒಳಗಿನ ಗೋಡೆಗಳಿಗೂ ಮೂರು ಫಲಕಗಳಿಗೂ ನೀರು ತಾಗಿತು. ಮತ್ತೆ ಬಾಗಿಲು ಮುಚ್ಚಿ, ದುರಸ್ತಿ ಮಾಡಿ, ಡಿಸೆಂಬರಿನಲ್ಲಿ ತೆರೆದರು. ಮೊಟ್ಟೆ, ಅಂಟು, ಪುಡಿ ಬಣ್ಣದಿಂದಾದ ಇಂಥ ಮೈಗೆ ನೀರು ಬಿದ್ದರೆ ಒರೆಸಿ ಮುಗಿಸುವ ಹಾಗಿಲ್ಲ, ಸಂರಕ್ಷಣಾ ತಜ್ಞರು ಇಂಚು ಇಂಚಾಗಿ ಕೆಲಸ ಮಾಡಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೆ, ಚಾವಣಿಯನ್ನು ಪೂರ್ತಿ ಮುಚ್ಚಿ ದೀಪ ಹಾಕಿಬಿಡಿ ಎಂಬ ಸಲಹೆ ಯಾರಿಗಾದರೂ ಹೊಳೆಯಬಹುದು. ಅದು ತಪ್ಪು ದಾರಿ ಎಂದೇ ನನ್ನ ಅಭಿಪ್ರಾಯ. ದೀಪದ ಬೆಳಕು ಬದಲಾಗುವುದಿಲ್ಲ, ಬದಲಾಗದ ಬೆಳಕಿನಲ್ಲಿ ಈ ಚಿತ್ರಗಳ ಅರ್ಧ ಜೀವ ಹೋಗುತ್ತದೆ. ಮಳೆ ನೀರನ್ನು ತಡೆಯಲು ಬೇರೆ ಉಪಾಯಗಳಿವೆ.

ಅಲ್ಲಿಗೆ ಹೋಗುವ ಅವಕಾಶ ಸಿಕ್ಕವರಿಗೆ ಎರಡು ಮಾತು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹಗಲು ಹೊತ್ತೇ ಹೋಗಿ, ಚದುರಿದ ಮೋಡ ಇರುವ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಮೊಗಸಾಲೆಯಲ್ಲಿ ಸ್ವಲ್ಪ ನಿಲ್ಲಿ, ಫೋನನ್ನು ಆರಿಸಿ ಒಳಗಿಡಿ, ಅದರ ಪರದೆಯ ಬೆಳಕು ಕೂಡ ಕಣ್ಣನ್ನು ಹಿಂದಕ್ಕೆ ಎಳೆಯುತ್ತದೆ. ಬೆಂಚಿನ ಮೇಲೆ ಕೂತು ಕಡೇಪಕ್ಷ ಅರ್ಧ ಗಂಟೆ ಕೊಡಿ. ಮೊದಲ ಹತ್ತು ನಿಮಿಷ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ, 14 ಚಿತ್ರಗಳಲ್ಲಿ ಯಾವುದಾದರೂ ಒಂದರ ಕೆಳಗಿನ ಮೂಲೆಯಿಂದ ನೋಡಲು ಶುರುಮಾಡಿ.